ಮುಂದೆ ಗಡಿಗೆ ಹೊತ್ತ ಗಾಡಿ

ಆ ಗಾಡಿಯನ್ನು ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ಮಾಸ್ತರಿಗೆ ಬೇಸರವಾದೀತು ಎಂಬ ಎಚ್ಚರವೂ ಇರಲಿಲ್ಲ. ಮೂರೇ ಮೂರು ಗಾಲಿ, ಹಿಂದೆ ಎರಡು, ಮುಂದೆ ಒಂದು. ನಡುವೆ ತೇಗದ ಚೌಕಟ್ಟು. ಆ ಒಂಟಿ ಮುಂಗಾಲಿಗಿಂತಲೂ ಮುಂದೆ, ಮೂಗಿಗೆ ನೇತುಹಾಕಿದಂತೆ, ಒಂದು ತಾಮ್ರದ ಗಡಿಗೆ!

“ಎಂತಕ್ಕೆ ನಗ್ತ್ಯಾ?” ಅಂದರು ಮಾಸ್ತರು.

“ಬಾವಿಂದ ನೀರು ತರೂಕೆ ಹೊರಟ ಹಾಂಗೆ ಕಾಣ್ತದೆ ಮಾಸ್ತರೇ.”

ಅವರೂ ನಕ್ಕರು. ಮಾಸ್ತರು ಹೊನ್ನಾವರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನು ಬಂದರು ರಸ್ತೆಯಲ್ಲಿ ನಾಲ್ಕು ಬಾಡಿಗೆ ಸೈಕಲ್ ಇಟ್ಟುಕೊಂಡವನು. ಅವರ ಸೈಕಲ್ಲಿನ ಬ್ರೇಕ್ ಸರಿಮಾಡಿ ಮನೆಗೆ ಮುಟ್ಟಿಸಲು ಹೋದವನ ಕಣ್ಣಿಗೆ ಕಪಾಟಿನ ಈ ಗಾಡಿ ಬಿತ್ತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿ ಐದಾರು ವರ್ಷವಾಗಿದ್ದ ಕಾಲ ಅದು.

ಸುಮಾರು ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಸೈನ್ಯದವನೊಬ್ಬ ತೋಪು ಎಳೆಯಲೆಂದು ಉಗಿಯಿಂದ ಓಡುವ ಗಾಡಿ ಕಟ್ಟಿದನಂತೆ. ರಸ್ತೆಯ ಮೇಲೆ ಎತ್ತು ಕುದುರೆ ಇಲ್ಲದೆ ತನ್ನಷ್ಟಕ್ಕೇ ಸರಿದ ಮೊದಲ ಗಾಡಿಗಳಲ್ಲಿ ಅದೂ ಒಂದು. ಮಾಸ್ತರ ಹತ್ತಿರ ಇದ್ದದ್ದು ಅದರ ಹನ್ನೆರಡನೇ ಒಂದು ಪಾಲಿನ ಮಾದರಿ, ಉದ್ದ ಒಂದೂಕಾಲು ಮೊಳ. ಕಾಲೇಜು ಓದುವಾಗ ಮುಂಬಯಿಯ ಒಂದು ಲಿಲಾವಿನಲ್ಲಿ ಕೂಗಿ ಕೊಂಡದ್ದು. ನೋಡಲು ಚೆಂದ, ಆದರೆ ಓಡುವುದಿಲ್ಲ. ಸಿಲಿಂಡರ್ ಇರಬೇಕಾದ ಜಾಗದಲ್ಲಿ ಎರಡು ಗಟ್ಟಿ ಹಿತ್ತಾಳೆ ದಿಂಡು, ಅಷ್ಟೆ.

“ಉಗಿಯಿಂದ ಗಾಡಿ ಓಡ್ತದೆ ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದೆ. ನಮ್ಮ ಮಕ್ಕಳು ರೈಲು ನೋಡಿದವರಲ್ಲ. ನಂಬಿದ್ರೋ, ಪರೀಕ್ಷೆಗೆ ಬಾಯಿಪಾಠ ಮಾಡಿದ್ರೋ, ದೇವರಿಗೇ ಗೊತ್ತು,” ಅಂದರು ಮಾಸ್ತರು. ಆಮೇಲೆ ಒಂದು ಕಾಗದ ತೋರಿಸಿದರು. ಮುಂಬಯಿಯ ಸಂಗ್ರಾಹಕರೊಬ್ಬರು ಈ ಮಾದರಿಯನ್ನು ಕೇಳಿ ಬರೆದಿದ್ದರು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಒಂದೇ ಕರಾರು: ಗಡಿಗೆಯ ತಳದಲ್ಲಿ ಮಾಡಿದವರ ಹೆಸರಿನ ಅಕ್ಷರ ಕೊರೆದದ್ದಿದೆ, ಅದಕ್ಕೆ ಏನೂ ಆಗಿರಬಾರದು.

“ಕೊಡ್ತ್ರಾ?”

“ಇಲ್ಲಿ ಜಿರಳೆ ನೋಡ್ತವೆ. ಅಲ್ಲಿ ಮನುಷ್ಯರಾದ್ರೂ ನೋಡ್ತಾರೆ. ಓಡುವ ಹಾಗಿದ್ದಿದ್ರೆ ನಮ್ಮ ಹೈಸ್ಕೂಲಿಗೇ ಇಡ್ತಿದ್ದೆ.”

“ನಾ ಓಡಿಸಿ ಕೊಡ್ತೆ ಮಾಸ್ತರೇ!”

ಬಾಯಿಂದ ಬಂದೇ ಹೋಯಿತು. ಉಗಿಯಂತ್ರದ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಮಾಸ್ತರೇ ಹಿಂದೊಮ್ಮೆ ಓದಲು ಕೊಟ್ಟ ಇಂಗ್ಲಿಷ್ ಪುಸ್ತಕದ ಚಿತ್ರಗಳು. ಅಕ್ಷರ ಅರ್ಧ ತಿಳಿಯದು, ಚಿತ್ರ ಪೂರ್ತಿ ತಿಳಿಯುತ್ತಿತ್ತು. ಮಾಸ್ತರು ಕರಾರು ಹೇಳಿದರು. ಮಳೆ ಈಗಷ್ಟೇ ಹಿಡಿದಿದೆ, ಬಂದರು ಮುಚ್ಚಿದೆ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮುಂಬಯಿಗೆ ಹೊರಡುವ ಮೊದಲ ಮಚ್ವೆಯಲ್ಲಿ, ಎಂದರೆ ಸರಕಿನ ಹಾಯಿಹಡಗಿನಲ್ಲಿ, ಗಾಡಿ ಹೋಗಬೇಕು. ಅಷ್ಟರೊಳಗೆ ಹೈಸ್ಕೂಲಿನ ಹಾಲಿನಲ್ಲಿ ವೇದಿಕೆಯಿಂದ ಬಾಗಿಲವರೆಗೆ ತನ್ನಷ್ಟಕ್ಕೇ ಓಡಿದರೆ ಅದು ಇಲ್ಲೇ ಉಳಿಯುತ್ತದೆ.

“ಗಡಿಗೆ ಮಾತ್ರ ಮುಟ್ಬೇಡ,” ಅಂದರು.

ಆತು ಅಂದೆ.

ಚಿತ್ರ ನೋಡಿ ನಾನು ತಿಳಿದುಕೊಂಡದ್ದು ಇಷ್ಟು. ಮುಂಗಾಲಿಯ ಎರಡೂ ಪಕ್ಕದಲ್ಲಿ ಒಂದೊಂದು ಸಿಲಿಂಡರ್. ಒಂದರೊಳಗೆ ಉಗಿ ಹೊಕ್ಕು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಪಿಸ್ಟನ್ನಿನ ಸರಳು ಗಾಲಿಯ ಹಲ್ಲನ್ನು ಕಚ್ಚಿ ಸ್ವಲ್ಪ ತಿರುಗಿಸುತ್ತದೆ. ಅದೇ ಹೊತ್ತಿಗೆ ಮೇಲೆ ತಕ್ಕಡಿಯ ದಂಡಿಗೆಯಂತೆ ಆಡುವ ತೂಗುಪಟ್ಟಿ ಇನ್ನೊಂದು ಪಿಸ್ಟನ್ನನ್ನು ಎತ್ತುತ್ತದೆ. ಆಮೇಲೆ ಅದರ ಸರದಿ. ಪಿಸ್ಟನ್ ಮೇಲೇರುವಾಗ ಗಾಲಿ ಹಿಂದಕ್ಕೆ ತಿರುಗಬಾರದು, ಕಚ್ಚು ಬಿಡಬೇಕು.

ಇದನ್ನು ಓದುತ್ತಾ ಅಂಗಡಿಯಲ್ಲಿ ಕೂತವನು ಒಂದು ಸೈಕಲ್ಲಿನ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸಿದೆ. ಟಿಕ್ ಟಿಕ್ ಟಿಕ್. ಫ್ರೀವೀಲ್! ಮುಂದೆ ತುಳಿದರೆ ಕಚ್ಚುತ್ತದೆ, ಹಿಂದೆ ತುಳಿದರೆ ಬಿಡುತ್ತದೆ. ಇನ್ನೂರು ವರ್ಷದ ಹಿಂದಿನ ಉಪಾಯ ನನ್ನ ಅಂಗಡಿಯಲ್ಲಿ ದಿನಾ ಗ್ರೀಸ್ ಬಳಿಸಿಕೊಳ್ಳುತ್ತಿತ್ತು.

ಎರಡು ಹಳೆ ಫ್ರೀವೀಲ್ ಬಿಚ್ಚಿದೆ. ಹೊರಗಿನ ಹಲ್ಲುಗಳನ್ನು ಅರದಿಂದ ಉಜ್ಜಿ ತೆಗೆದೆ. ಮುಂಗಾಲಿಯ ಎರಡೂ ಪಕ್ಕಕ್ಕೆ ಒಂದೊಂದು ಕೂರಿಸಿ, ಎರಡರ ಮುಖವೂ ಹೊರಗೆ ಕಾಣುವಂತೆ ಇಟ್ಟೆ. ಚೆಂದ ಕಾಣಬೇಕಲ್ಲ! ಕೈಯಿಂದ ತೂಗುಪಟ್ಟಿ ಆಡಿಸಿದರೆ ಗಾಲಿ ಮುಂದೂ ಹೋಗದು, ಹಿಂದೂ ಹೋಗದು. ಒಂದು ಪೂರ್ತಿ ದಿನ ತಲೆ ಕೆರೆದುಕೊಂಡೆ. ಎರಡರ ಮುಖವೂ ಹೊರಗಿದ್ದಾಗ ಒಂದು ಮುಂದಕ್ಕೆ ಎಳೆದರೆ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ ಎಂದು ಹೊಳೆದದ್ದು ಮರುದಿನ. ಎಡಗಡೆಯದನ್ನು ಬೆನ್ನು ಹೊರಗೆ ಮಾಡಿ ಕೂರಿಸಿದೆ. ಚೆಂದ ಹೋಯಿತು, ಗಾಲಿ ತಿರುಗಿತು.

ಸಿಲಿಂಡರಿಗೆ ಹಿತ್ತಾಳೆಯ ನುಣುಪಾದ ಕೊಳವೆ ಬೇಕಿತ್ತು. ಹೊನ್ನಾವರದಲ್ಲಿ ಸಿಗಲಿಲ್ಲ. ಕುಮಟೆಗೆ ಸ್ಪಿರಿಟ್ ತರಲು ಹೋದಾಗ ಅಲ್ಲೂ ಕೇಳಿದೆ, ಇಲ್ಲ. ಕೊನೆಗೆ ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಪೇಟೆಯಲ್ಲಿ ಪೆಟ್ರೋಮ್ಯಾಕ್ಸ್ ರಿಪೇರಿ ಮಾಡುವ ಸಾಹೇಬರ ಅಂಗಡಿಯಿದೆ. ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕುವ ಪಂಪಿನ ಕೊಳವೆ ಎರಡು ಕೊಡಿ ಅಂದೆ.

“ಪಂಪಿನ ದಾಂಡಿ ಬೇಡ್ವಾ?”

“ಬೇಡ.”

“ವಾಶರ್?”

“ಬೇಡ.”

“ಹಾಗಾದ್ರೆ ಗಾಳಿ ಎಲ್ಲಿಂದ ಹಾಕ್ತಿಯಾ?”

“ಗಾಳಿ ಹಾಕೂದಲ್ಲ ಸಾಹೇಬ್ರೆ. ಅದು ಗಾಡಿ ಎಳೀಬೇಕು.”

ಸಾಹೇಬರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, ಎರಡು ವಾಶರುಗಳನ್ನೂ ಪೊಟ್ಟಣಕ್ಕೆ ಹಾಕಿದರು. “ಇಟ್ಕೋ. ಗಾಡಿ ಓಡದಿದ್ರೆ ಲಾಟೀನಾದ್ರೂ ಹತ್ಲಿ.”

ಆ ಚರ್ಮದ ವಾಶರುಗಳನ್ನು ಪಿಸ್ಟನ್ನಿಗೆ ಹಾಕಿಯೂ ನೋಡಿದೆ. ಬಿಸಿ ಉಗಿಗೆ ಒಣಮೀನಿನಂತೆ ಸೆಟೆದುಕೊಂಡವು. ಅವನ್ನು ಕಿತ್ತು, ಹತ್ತಿಯ ದಾರಕ್ಕೆ ಕೊಬ್ಬು ಮತ್ತು ಪೆನ್ಸಿಲ್ ಕಡ್ಡಿಯ ಪುಡಿ ಸವರಿ ಪಿಸ್ಟನ್ನಿನ ಸುತ್ತ ಬಿಗಿಯಾಗಿ ಸುತ್ತಿದೆ. ಅದು ನಿಂತಿತು.

ಬೆಸುಗೆಯ ಕೆಲಸಕ್ಕೆ ಅಕ್ಕಸಾಲಿ ಶೇಟ್ರ ಹತ್ತಿರ ಹೋದೆ. ಸೀಸದ ಬೆಸುಗೆ ಬೆಂಕಿಗೆ ಕರಗುತ್ತದೆ. ಬಿಳಿಗಾರ ಹಾಕಿ ಬೆಳ್ಳಿಯ ಬೆಸುಗೆಯೇ ಆಗಬೇಕು. ಶೇಟ್ರು ಊದುಕೊಳವೆ ಬಾಯಿಂದ ತೆಗೆದು, “ಮೂಗುತಿ ಮಾಡೂ ಕೈಲಿ ಇಂಜಿನ್ ಮಾಡಿಸ್ತ್ಯಲ್ಲ ಮಾರಾಯ,” ಅಂದರು. ಆದರೂ ಮೂರೇ ದಿನಕ್ಕೆ ಅವರೇ ನನಗಿಂತ ಮರುಳಾದರು. ಒಂದು ಸಿಲಿಂಡರಿಂದ ಇನ್ನೊಂದಕ್ಕೆ ಉಗಿ ಬದಲಾಯಿಸುವ ಪುಟ್ಟ ನಲ್ಲಿಯನ್ನು ಮಾಡಿದವರು ಅವರೇ. ಕಿರುಬೆರಳಿಗಿಂತ ಸಣ್ಣದು, ತೆಂಗಿನೆಣ್ಣೆ ಮತ್ತು ಇಟ್ಟಿಗೆಯ ನುಣ್ಣನೆ ಪುಡಿ ಹಾಕಿ ತಿರುಗಿಸಿ ತಿರುಗಿಸಿ ಕೂರಿಸಿದ್ದು. ನೀರು ತೊಟ್ಟಿಕ್ಕುತ್ತಿರಲಿಲ್ಲ.

ಇನ್ನು ಬಾಯ್ಲರ್. ಗಡಿಗೆ ಮುಟ್ಟಬಾರದು ಎಂಬ ಮಾತಿತ್ತು. ಹಾಗಾಗಿ ಒಂದು ಹಿತ್ತಾಳೆ ತಂಬಿಗೆಗೆ ಮುಚ್ಚಳ ಬೆಸೆದು, ಗಾಡಿಯ ಹಿಂದೆ ತೋಪು ಇಡುವ ಜಾಗದಲ್ಲಿ ಕೂರಿಸಿದೆ. ಅಲ್ಲಿಂದ ಮುಂದಕ್ಕೆ ಒಂದು ಗೇಣಿಗಿಂತ ಉದ್ದದ ಕೊಳವೆ. ಒತ್ತಡ ಹೆಚ್ಚಾದರೆ ಬಿಡಲು ಸೈಕಲ್ಲಿನ ಒಂದು ಗುಂಡು, ಅದರ ಮೇಲೆ ಸ್ಪ್ರಿಂಗ್. ಬೆಂಕಿ ಹಾಕುವ ಮೊದಲು ತಂಬಿಗೆಯ ತುಂಬ ನೀರು ತುಂಬಿಸಿ ಸೈಕಲ್ ಪಂಪಿನಿಂದ ಒತ್ತಿ ನೋಡಿದೆ. ಹೀಗೆ ನೀರು ತುಂಬಿ ಪರೀಕ್ಷೆ ಮಾಡಿದರೆ ಒಡೆದರೂ ಚೂರು ಹಾರುವುದಿಲ್ಲ, ನೀರು ಚಿಮ್ಮುತ್ತದೆ ಅಷ್ಟೆ. ಎರಡು ಸಲ ಚಿಮ್ಮಿತು. ಎರಡನೇ ಸಲ ನೇರ ಶೇಟ್ರ ಹಣೆಗೆ.

“ಅಭಿಷೇಕ ಆತು. ಇನ್ನು ಬೆಂಕಿ ಹಚ್ಚು,” ಅಂದರು ಅವರು, ಸೋರಿದ ಕಡೆ ಮತ್ತೆ ಬೆಸೆದು.

ಹಚ್ಚಿದೆ. ಉಗಿ ಬಂತು. ಪಿಸ್ಟನ್ನುಗಳು ಕುಕ್ಕಿದವು, ಮುಂಗಾಲಿ ಗರಗರ ತಿರುಗಿತು. ಗಾಡಿ ಮಾತ್ರ ಕೂತಲ್ಲೇ ಕೂತಿತ್ತು! ಗಾಲಿ ನೆಲದ ಮೇಲೆ ಜಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತು, ಸಿಲಿಂಡರಿಂದ ಉಗಿಯ ಬದಲು ಬಿಸಿನೀರು ಉಗುಳತೊಡಗಿತು. ಗಾಲಿಗೆ ರಬ್ಬರ್ ಸುತ್ತಿದೆ, ಕೊಳವೆಗೆ ಬಟ್ಟೆ ಸುತ್ತಿದೆ, ಬತ್ತಿ ಹೆಚ್ಚಿಸಿದೆ. ಹದಿನೈದು ದಿನ ಹೀಗೇ ಹೋಯಿತು. ಒಂದಡಿ ಸರಿಯುತ್ತದೆ, ನಿಲ್ಲುತ್ತದೆ. ಅಷ್ಟೇ.

ಒಂದು ಮಧ್ಯಾಹ್ನ ಸಿಟ್ಟಿನಿಂದ ಗಾಡಿಯ ಮೂಗನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ, ನಿನ್ನ ಸೊಕ್ಕು ಮುರೀತೆ ಎಂಬ ಹಾಗೆ. ಅದು ನನ್ನ ಬೆರಳನ್ನೂ ಎಳೆದುಕೊಂಡು ನಾಲ್ಕಡಿ ಮುಂದೆ ಹೋಯಿತು.

ಆಗ ನನಗೆ ನಾಚಿಕೆಯಾಯಿತು. ಅದುವರೆಗೆ ಆ ಗಡಿಗೆಯನ್ನು ನೋಡಿ ನಗುತ್ತಿದ್ದೆನಲ್ಲ, ಆ ಫ್ರೆಂಚ್ ಮನುಷ್ಯ ಅದನ್ನು ಅಲ್ಲಿ ನೇತುಹಾಕಿದ್ದು ಸುಮ್ಮನೆ ಅಲ್ಲ. ನೀರು ತುಂಬಿದ ಗಡಿಗೆಯ ಭಾರ ಮುಂಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಉಗಿ ಹುಟ್ಟುವ ಜಾಗದಿಂದ ಸಿಲಿಂಡರ್ ಎರಡೇ ಬೆರಳು ದೂರ, ತಣ್ಣಗಾಗಲು ಹೊತ್ತೇ ಸಿಗುವುದಿಲ್ಲ. ಗಾಡಿ ಓಡಬೇಕಾದರೆ ಬೆಂಕಿಯೂ ನೀರೂ ಮುಂದಿನ ಆ ಗಡಿಗೆಯಲ್ಲೇ ಇರಬೇಕು. ಅಂದರೆ ಬೆಂಕಿ ಇಡಲು ಅದರ ತಳ, ಅಕ್ಷರ ಕೊರೆದ ಆ ತಳವನ್ನೇ, ಕತ್ತರಿಸಬೇಕು.

ಮಾಸ್ತರ ಮನೆಗೆ ಹೋಗಿ ಹೇಳಿದೆ. ಅವರು ಮುಂಬಯಿಯ ಕಾಗದ ತೆಗೆದು ಮತ್ತೊಮ್ಮೆ ಓದಿದರು.

“ಕತ್ತರಿಸಿಯೂ ಓಡದಿದ್ರೆ?”

“ಮುಂಬಯಿಯವ್ರೂ ತಗಳೂದಿಲ್ಲ, ಇಲ್ಲೂ ಇಲ್ಲ. ಎರಡೂ ಹೋತು.”

“ಖಾತ್ರಿ ಇದ್ಯಾ ನಿಂಗೆ?”

ಖಾತ್ರಿ ಇದೆ ಎನ್ನುವುದು ಸುಲಭವಿತ್ತು. “ಭಾರದ್ದು ಖಾತ್ರಿ ಮಾಸ್ತರೇ. ಉಳಿದದ್ದು ನೋಡ್ಬೇಕು,” ಅಂದೆ.

ಅವರು ಕೊಡೆ ತೆಗೆದುಕೊಂಡರು. “ನಡಿ, ಶೇಟ್ರ ಹತ್ರ. ಗಡುವು ಮಾತ್ರ ಅದೇ.”

ಶೇಟ್ರ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಹಳೆ ಆಭರಣ ಮುರಿಯಲು ಕೊಟ್ಟರೆ ಅವರು ಮೊದಲ ಪೆಟ್ಟು ಹಾಕುವುದಿಲ್ಲ. ಒಡವೆಯ ಯಜಮಾನರೇ ಹಾಕಬೇಕು. ನಾಳೆ ಬಂದು ಅಳಬಾರದು, ಅದಕ್ಕೆ. ಗಡಿಗೆಯನ್ನು ಅಡಿಗಲ್ಲಿನ ಮೇಲೆ ಬೋರಲು ಹಾಕಿ, ಚಾಣ ಇಟ್ಟು, ಸುತ್ತಿಗೆಯನ್ನು ಮಾಸ್ತರ ಕೈಗೆ ಕೊಟ್ಟರು.

“ಹೊಡೀರಿ ಮಾಸ್ತರೇ. ಹಗೂರ.”

ಮಾಸ್ತರು ಕನ್ನಡಕ ಒರೆಸಿಕೊಂಡರು. ತಳದ ಅಕ್ಷರಗಳನ್ನು ಒಮ್ಮೆ ಬೆರಳಿಂದ ಮುಟ್ಟಿದರು. ಆಮೇಲೆ ಹೊಡೆದರು, ಹಗೂರವಾಗಿ ಅಲ್ಲ!

“ಅಯ್ಯೋ, ಸಾಕು! ಗಡಿಗೆ ಮಾತ್ರ ಅಲ್ಲ, ಅಡಿಗಲ್ಲೂ ಒಡೀತದೆ!” ಅಂತ ಶೇಟ್ರು ಸುತ್ತಿಗೆ ಕಸಿದುಕೊಂಡರು. ಆ ಅಕ್ಷರಗಳಿದ್ದ ತುಂಡನ್ನು ಬೇರೆಯಾಗಿ ಬಿಡಿಸಿ ಮಾಸ್ತರ ಕೈಗಿಟ್ಟರು.

ಮುಂದಿನ ವಾರ ಶೇಟ್ರು ಗಡಿಗೆಯೊಳಗೆ ಕೂರುವಂತೆ ದಪ್ಪ ತಾಮ್ರದ ಇನ್ನೊಂದು ಪಾತ್ರೆ ಬಡಿದರು. ಅದೇ ನಿಜವಾದ ಬಾಯ್ಲರ್, ಹೊರಗಿನ ಹಳೆ ಗಡಿಗೆ ಈಗ ಬರೀ ಕವಚ. ಕೆಳಗೆ ಮೂರು ಬತ್ತಿಯ ಸ್ಪಿರಿಟ್ ದೀಪ, ಪಕ್ಕದಲ್ಲಿ ಗಾಳಿ ಆಡಲು ತೂತು. ಸೈಕಲ್ ಪಂಪಿನ ಪರೀಕ್ಷೆಯಲ್ಲಿ ಒಂದು ಹನಿ ಸೋರಲಿಲ್ಲ. ಅಂಗಡಿಯ ನೆಲದ ಮೇಲೆ ಬಿಟ್ಟೆವು. ಟಿಕ್ ಟಿಕ್ ಎನ್ನುತ್ತಾ ಗೋಡೆಯಿಂದ ಗೋಡೆಗೆ ಹೋಯಿತು! ಶೇಟ್ರೂ ನಾನೂ ಕೈ ಹಿಡಿದುಕೊಂಡು ಕುಣಿದದ್ದನ್ನು ಎದುರಿನ ಚಾ ಅಂಗಡಿಯವರು ಎದ್ದುನಿಂತು ನೋಡಿದರು.

ಇಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಆದರೆ ನನ್ನ ತಲೆ ಸುಮ್ಮನಿರುವುದಿಲ್ಲ. ಬಂದರಿನ ಪಕ್ಕದ ನಮ್ಮ ಬಾವಿಯ ನೀರಿನಲ್ಲಿ ಮಳೆಗಾಲದಲ್ಲೂ ಸ್ವಲ್ಪ ಉಪ್ಪಿರುತ್ತದೆ. ನಾಲ್ಕೈದು ಸಲ ಕಾಯಿಸುವಷ್ಟರಲ್ಲಿ ಬಾಯ್ಲರಿನ ಬಾಯಿಗೆ ಬಿಳಿ ಹಪ್ಪಳೆ ಕಟ್ಟಿತು. ಇನ್ನೂ ಶುದ್ಧವಾದ ನೀರು ಬೇಕು ಎಂದು ಯೋಚಿಸುತ್ತಾ ಕೂತವನ ಕಣ್ಣಿಗೆ ಹಿತ್ತಲ ತೆಂಗಿನಮರ ಕಂಡಿತು. ಹುಟ್ಟಿದಂದಿನಿಂದ ಯಾರೂ ಮುಟ್ಟದ ನೀರು, ಕಾಯಿಲೆಯವರಿಗೆ ಕೊಡುವ ನೀರು! ಎರಡು ಎಳನೀರು ಕೆತ್ತಿ, ಬಟ್ಟೆಯಲ್ಲಿ ಸೋಸಿ, ಬಾಯ್ಲರಿಗೆ ಹೊಯ್ದೆ.

ಮೊದಲು ಚೆನ್ನಾಗಿ ಓಡಿತು. ಹೆಮ್ಮೆಯಿಂದ ಬೀಗಿದೆ. ನಿಲ್ಲಿಸಿ, ಇನ್ನೆರಡು ಎಳನೀರು ಹೊಯ್ದೆ. ಆಮೇಲೆ ಅಂಗಡಿಯ ತುಂಬ ಘಮ್ಮೆಂದು ಜೋನಿಬೆಲ್ಲ ಕಾಯಿಸುವ ವಾಸನೆ. ಆಮೇಲೆ ಹೊತ್ತಿದ ವಾಸನೆ. ಗಾಡಿ ಮೆಲ್ಲಗಾಯಿತು, ಎರಡು ಸಲ ಕೆಮ್ಮಿತು, ನಿಂತಿತು. ಬತ್ತಿ ಆರಿಸಿ ನೋಡಿದರೆ ನಲ್ಲಿ ತಿರುಗದು, ಪಿಸ್ಟನ್ ಅಲುಗದು. ಎಲ್ಲ ಕಲ್ಲಿನ ಹಾಗೆ ಅಂಟಿಕೊಂಡಿತ್ತು. ಹುಣ್ಣಿಮೆ ಕಳೆದಿತ್ತು. ಮಚ್ವೆ ಹೊರಡಲು ಎರಡು ದಿನ ಉಳಿದಿತ್ತು.

ಶೇಟ್ರು ಬಂದು ಮೂಸಿದರು. ಮುಟ್ಟಿದರು. ಬೆರಳು ನಾಲಗೆಗೆ ಇಟ್ಟುಕೊಂಡರು.

“ಎಂತ ಹಾಕಿದ್ಯಾ?”

ಹೇಳಿದೆ.

“ದೇವರೇ! ನಾ ಇಂಜಿನ್ ಮಾಡ್ಕೊಟ್ರೆ ನೀ ಪಾಯ್ಸ ಮಾಡಿದ್ಯಲ್ಲ ಮಾರಾಯ!”

ನಲ್ಲಿಯನ್ನು ಬಡಿದು ಬಿಡಿಸುವುದು ಎಂದು ನಾನು ಸುತ್ತಿಗೆ ಎತ್ತಿದೆ. ಬಡಿದರೆ ಸೊಟ್ಟಗಾಗುತ್ತದೆ, ಹೊಸದು ಮಾಡಲು ವಾರ ಬೇಕು ಎಂದು ಶೇಟ್ರು ಕೈ ಹಿಡಿದರು. ಇಬ್ಬರೂ ಹೀಗೆ ಕಚ್ಚಾಡುತ್ತಿರುವಾಗ ಹಿಂದಿನ ಮನೆಯಿಂದ ಊಟಕ್ಕೆ ಕರೆಯಲು ನನ್ನ ಅಕ್ಕ ಬಂದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

“ತಮಾ, ಪಾಕ ಹತ್ತಿದ ಪಾತ್ರೆಗೆ ಸುತ್ತಿಗೇಲಿ ಹೊಡೀತ್ರಾ? ನೀರು ಹಾಕಿ ಕುದಿಸ್ತ್ರು.”

ನಾನು ಸುತ್ತಿಗೆ ಕೆಳಗಿಟ್ಟೆ.

“ತಾಮ್ರ ಆದ್ರೆ ನಾಲ್ಕು ಮುರುಗಲ ಸಿಪ್ಪೆನೂ ಹಾಕೂದು. ಆ ಬಿಳಿ ಹಪ್ಪಳೆನೂ ಹೋತದೆ.”

ಅಂದೇ ಮಧ್ಯಾಹ್ನ ಅವಳ ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಮುರುಗಲ ಹುಳಿನೀರು ಕುದಿಯಿತು. ಬಾಯ್ಲರ್, ನಲ್ಲಿ, ಸಿಲಿಂಡರ್ ಎಲ್ಲ ಸಾರಿನ ತರಕಾರಿಯಂತೆ ಅದರೊಳಗೆ ಮುಳುಗಿ ಕೂತಿದ್ದವು. ಒಂದು ತಾಸಿಗೆ ನಲ್ಲಿ ತಾನಾಗಿ ಸಡಿಲವಾಯಿತು. ಎರಡು ತಾಸಿಗೆ ಪಿಸ್ಟನ್ನೂ ಬಿಟ್ಟಿತು. ಒಳಗಿನ ತಾಮ್ರ ಹೊಸ ನಾಣ್ಯದ ಹಾಗೆ ಹೊಳೆಯಿತು. ದಾರ ಮಾತ್ರ ಹೊಸದು ಸುತ್ತಬೇಕಾಯಿತು.

“ಇನ್ನು ನೀರಿಗೆ ಎಂತ ಮಾಡೂದು?” ಅಂದೆ.

ಅಕ್ಕ ಮಾಡಿನ ಅಂಚಿನ ಕೆಳಗಿದ್ದ ಹಂಡೆ ತೋರಿಸಿದಳು. ಮಳೆನೀರು ತುಂಬಿ ತುಳುಕುತ್ತಿತ್ತು. “ಎರಡು ತಿಂಗಳಿಂದ ನಿನ್ನ ಎದುರೇ ಬೀಳ್ತಾ ಅದೆ. ಕಾಣ್ಲಿಲ್ವಾ?”

ಮಚ್ವೆ ಹೊರಡುವ ದಿನ ಬೆಳಿಗ್ಗೆ ಹೈಸ್ಕೂಲಿನ ಹಾಲಿನಲ್ಲಿ ಮಕ್ಕಳು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಬಾಗಿಲಲ್ಲಿ ಮಾವಿನಕುರ್ವೆಯ ತಾಂಡೇಲ, ಎಂದರೆ ಮಚ್ವೆ ನಡೆಸುವವರು, ಖಾಲಿ ಮರದ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದರು. ಗಾಡಿ ಒಯ್ಯಲೆಂದು ಒಳಗೆ ಒಣಹುಲ್ಲು ಹಾಸಿತ್ತು, ಗಡಿಗೆ ಕತ್ತರಿಸಿದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. “ಬೇಗ ಆಗ್ಲಿ ಮಾಸ್ತರೇ. ನೀರು ಇಳಿಯೂಕೆ ಶುರುವಾದ್ರೆ ಹೊರಡಬೇಕು,” ಅಂದರು.

ಸೋಸಿದ ಮಳೆನೀರು ಹಾಕಿದೆ. ಮೂರು ಬತ್ತಿಗೂ ಬೆಂಕಿ ಮುಟ್ಟಿಸಿದೆ. ಗಡಿಗೆ ಗುಂಯ್ ಎಂದಿತು. ಸ್ಪ್ರಿಂಗಿನ ಕೆಳಗಿನ ಗುಂಡಿನ ಸಂದಿನಿಂದ ಎಳೆಯಷ್ಟು ಉಗಿ ಬಂದಾಗ ತೂಗುಪಟ್ಟಿಯನ್ನು ಬೆರಳಿಂದ ಒಮ್ಮೆ ತಳ್ಳಿ ಕೈ ತೆಗೆದೆ.

ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಟಿಕ್. ಟಿಕ್. ಟಿಕ್ ಟಿಕ್.

ಹೊರಟಿತು! ವೇದಿಕೆಯ ಬುಡದಿಂದ ಕೆಂಪು ಸಿಮೆಂಟಿನ ಮೇಲೆ ಹನಿ ಚೆಲ್ಲುತ್ತಾ, ಗಡಿಗೆಯನ್ನು ಅಲ್ಲಾಡಿಸುತ್ತಾ, ಎದುರಿಂದ ಬರುವ ಯಾರ ಮೇಲೋ ಜಗಳಕ್ಕೆ ಹೋಗುವಂತೆ. ಅರ್ಧ ದಾರಿ ದಾಟಿದಾಗ ಒಬ್ಬಳು ಹುಡುಗಿ, “ಯಾರೂ ದೂಡ್ತಿಲ್ಲ!” ಎಂದು ಕೂಗಿದಳು. ಅಷ್ಟೇ, ಮಾಡು ಹಾರಿಹೋಗುವಂತೆ ಗದ್ದಲ. ಮಾಸ್ತರು ಗಾಡಿಯ ಪಕ್ಕದಲ್ಲೇ ಬಗ್ಗಿಕೊಂಡು, ಪಂಚೆಯ ಅಂಚು ಹಿಡಿದು, ಅದರ ವೇಗಕ್ಕೆ ಸರಿಯಾಗಿ ನಡೆಯುತ್ತಿದ್ದರು. ಬಾಗಿಲ ಹತ್ತಿರ ಸೀಮೆಸುಣ್ಣದಲ್ಲಿ ಎಳೆದ ಗೆರೆ ದಾಟಿತು. ಶೇಟ್ರು ಸಿಳ್ಳೆ ಹಾಕಿದರು, ಅವರಿಗೆ ಸಿಳ್ಳೆ ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಓಡಿಸುವುದನ್ನೇ ಯೋಚಿಸಿದ್ದೆನೇ ಹೊರತು ನಿಲ್ಲಿಸುವುದನ್ನು ಯೋಚಿಸಿರಲಿಲ್ಲ. ಹೊಸ್ತಿಲಿಗೆ ತಾಗಿ ಮುಂಗಾಲಿ ಎಡಕ್ಕೆ ಹೊರಳಿತು. ನಾನು ಹಾರಿ ಹಿಡಿಯುವುದರೊಳಗೆ ಗಾಡಿ ನೇರ ಗೋಡೆಗೆ ಹೋಗಿ ಠಣ್ ಎಂದು ಹೊಡೆಯಿತು. ಬತ್ತಿ ಆರಿತು. ಎತ್ತಿ ನೋಡಿದರೆ ಗಡಿಗೆಯ ಮುಖದಲ್ಲಿ ನಿಂಬೆಹಣ್ಣಿನಷ್ಟು ತಗ್ಗು.

ಮಾಸ್ತರ ಮುಖ ನೋಡಲು ಧೈರ್ಯ ಬರಲಿಲ್ಲ. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

“ಮಕ್ಕಳೇ, ಕೇಳಿ! ಫ್ರಾನ್ಸಿನಲ್ಲೂ ಇದು ಹೀಗೇ ಹೋಗಿ ಗೋಡೆಗೆ ಹೊಡೀತು ಅಂತ ಹೇಳ್ತಾರೆ! ಪುಸ್ತಕದಲ್ಲಿ ಓದಿದ್ದೆ, ನಂಬಿರಲಿಲ್ಲ! ಈಗ ನಂಬಿದೆ!”

ತಾಂಡೇಲರು ಪೆಟ್ಟಿಗೆ ಬಿಟ್ಟು ಒಳಗೆ ಬಂದಿದ್ದರು. ಜೀವಮಾನವೆಲ್ಲ ಗಾಳಿಯ ದಾರಿ ಕಾದ ಮನುಷ್ಯ. ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸುತ್ತಲೂ ನೋಡಿದರು, ಕೆಳಗೆ ಬಗ್ಗಿ ನೋಡಿದರು.

“ಹಗ್ಗ ಇಲ್ಲ, ಹಾಯಿ ಇಲ್ಲ,” ಅಂದರು. “ಹಾಂಗಾದ್ರೆ ಪೆಟ್ಟಿಗೇಲಿ ಎಂತ ಹಾಕ್ಕೊಂಡು ಹೋಗೂದು ನಾನು?”

“ಒಂದು ಕಾಗದ ಬರೆದು ಕೊಡ್ತೇನೆ,” ಅಂದರು ಮಾಸ್ತರು. “ಗಾಡಿ ಶಾಲೆಗೆ ಸೇರಿತು ಅಂತ.”

ಹೊರಗೆ ದೋಣಿಯಲ್ಲಿ ಕಾಯುತ್ತಿದ್ದವರು ಯಾರೋ ಕೂಗಿದರು, ನೀರು ಇಳಿಯುತ್ತಿದೆಯಂತೆ. ತಾಂಡೇಲರು ತಿರುಗಿಯೂ ನೋಡಲಿಲ್ಲ. ಮುಂಡಾಸು ಬಿಚ್ಚಿ ನೆಲಕ್ಕೆ ಹಾಸಿ, ಮಕ್ಕಳ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತರು.

“ಸಂಜೆನೂ ನೀರು ಇಳೀತದೆ. ನೀ ಇನ್ನೊಂದು ಸಲ ಬಿಡು ನೋಡ್ವಾ,” ಅಂದರು ನನಗೆ.

ನಾನು ಗಾಡಿಯನ್ನು ವೇದಿಕೆಯ ಹತ್ತಿರ ಹೊತ್ತುಕೊಂಡು ಹೋಗಿ, ನೀರು ತುಂಬಿ, ಬತ್ತಿ ಹೊತ್ತಿಸಿದೆ.